ಕೊನೆಯ ನಳದ ಮನೆಗೂ ಸುದ್ದಿ

ಹುಬ್ಬಳ್ಳಿ–ಧಾರವಾಡದ ಹಳೆಯ ಓಣಿಗಳಲ್ಲಿ ಎಲ್ಲಕ್ಕಿಂತ ಬೇಗ ಹರಡುವ ಸುದ್ದಿ ಎಂದರೆ ‘ನಳ ಬಂದಾವು’ ಎಂಬುದು. ಸವದತ್ತಿ ಹತ್ತಿರದ ರೇಣುಕಾಸಾಗರದಿಂದ ಮಲಪ್ರಭೆಯ ನೀರು ಈ ಅವಳಿ ನಗರಕ್ಕೆ ಬರುತ್ತದೆ. ಬಂದ ನೀರು ಎಲ್ಲ ಓಣಿಗೂ ಒಮ್ಮೆಲೇ ಹೋಗುವುದಿಲ್ಲ. ಇವತ್ತು ಈ ಭಾಗ, ನಾಳೆ ಆ ಭಾಗ ಎಂದು ಸರದಿಯ ಮೇಲೆ ವಾಲ್ವ್ ತಿರುಗಿಸಿ ಬಿಡುತ್ತಾರೆ. 2008ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಕೊಡುವ ಪ್ರಯೋಗ ಶುರುವಾಯಿತು. ಉಳಿದ ಕಡೆ ನಾಲ್ಕಾರು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ ನೀರು ಕಾಣುವುದು ವರ್ಷಗಟ್ಟಲೆ ನಡೆದು ಬಂತು. ಬರುವ ಹೊತ್ತೂ ಗೊತ್ತಿರುವುದಿಲ್ಲ. ನಸುಕಿನ ನಾಲ್ಕಕ್ಕೆ ಬರಬಹುದು, ಮಟಮಟ ಮಧ್ಯಾಹ್ನಕ್ಕೆ ಬರಬಹುದು. ಬಂದಾಗ ಮನೆಯಲ್ಲಿ ಯಾರೂ ಇಲ್ಲವೆಂದರೆ ಮುಂದಿನ ಸರದಿಯವರೆಗೆ ಕೊಡ ಖಾಲಿ.

ಹಾಗಾಗಿ ಓಣಿ ತನಗೆ ಬೇಕಾದ ಏರ್ಪಾಟನ್ನು ತಾನೇ ಮಾಡಿಕೊಂಡಿತು. ವಾಲ್ವ್ ತಿರುಗಿಸುವವರು ಯಾವ ಕಡೆ ಹೋದರು ಎಂಬುದನ್ನು ಮೂಲೆಯ ಪಾನ್ ಅಂಗಡಿಯವರು ನೋಡಿರುತ್ತಾರೆ. ತಗ್ಗಿನಲ್ಲಿರುವ ಮನೆಯ ನಳಕ್ಕೆ ಮೊದಲು ಗಾಳಿ ಬರುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಗಾಳಿಯ ಸದ್ದು ಕೇಳಿದ ಕೂಡಲೇ ಆ ಮನೆಯಾಕೆ ಬಾಗಿಲಿಗೆ ಬಂದು ‘ಅಕ್ಕಾರ, ನಳ ಬಂದಾವ್ರೀ’ ಎಂದು ಕೂಗುತ್ತಾಳೆ. ಆ ಕೂಗು ಬಾಗಿಲಿಂದ ಬಾಗಿಲಿಗೆ ದಾಟಿ ಏರಿನ ಕೊನೆಯ ಮನೆ ಮುಟ್ಟುವಷ್ಟರಲ್ಲಿ ಅಲ್ಲಿನ ನಳದಲ್ಲೂ ನೀರು ಏರಿರುತ್ತದೆ. ಕೆಲಸಕ್ಕೆ ಹೋಗುವವರು ಕೊಡಗಳನ್ನು ಹೊರಗೇ ಇಟ್ಟು ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೋಗುತ್ತಾರೆ. ಸಂಜೆ ಬಂದಾಗ ಕೊಡ ತುಂಬಿರುತ್ತದೆ.

ನೆರೆಯವರು ಪರಸ್ಪರ ಹೇಳಿಕೊಳ್ಳುವ, ಸ್ಥಳೀಯ ಸೇವೆಯವರು ಊರಿಗೆ ಹೇಳಬೇಕಾದ ಇಂಥ ಮಾತುಗಳು ದಿನಕ್ಕೆ ಹತ್ತಾರು ಇರುತ್ತವೆ. ನಾಳೆ ಕರೆಂಟ್ ತೆಗೆಯುತ್ತಾರೆ. ರೇಷನ್ ಅಂಗಡಿಗೆ ಅಕ್ಕಿ ಬಂದಿದೆ. ಗಿರಣಿಯ ಕಲ್ಲು ಕುಟ್ಟಿಸುವುದಿದೆ, ಎರಡು ದಿನ ಬೀಸುವುದಿಲ್ಲ. ಅಂಗನವಾಡಿಯಲ್ಲಿ ಗುರುವಾರ ಚುಚ್ಚುಮದ್ದು. ಕೆಂದ ಬಣ್ಣದ ಹಸು ತಪ್ಪಿಸಿಕೊಂಡಿದೆ. ಇಂಥವರ ಮನೆಯ ಅಜ್ಜ ತೀರಿಕೊಂಡರು, ಮಣ್ಣು ನಾಲ್ಕು ಗಂಟೆಗೆ. ಇವು ಯಾವ ಪತ್ರಿಕೆಯ ಮುಖಪುಟಕ್ಕೂ ಹೋಗುವಂಥವಲ್ಲ. ಆದರೆ ರೇಷನ್ ಬಂತೋ ಇಲ್ಲವೋ ಗೊತ್ತಾಗದೆ ಎರಡು ಸಲ ನಡೆದು ಬಂದ ಕೂಲಿಯವಳಿಗೆ ಎರಡು ದಿನದ ಕೂಲಿ ಹೋಗುತ್ತದೆ. ಚುಚ್ಚುಮದ್ದಿನ ದಿನ ತಿಳಿಯದ ತಾಯಿಯ ಮಗು ಒಂದು ತಿಂಗಳು ಹಿಂದೆ ಬೀಳುತ್ತದೆ. ‘ನಾವು ಹೇಳಿದ್ದೆವು’ ಎಂದು ಕಚೇರಿ ಹೇಳುವುದಕ್ಕೂ ‘ನಮಗೆ ಗೊತ್ತಾಯಿತು’ ಎಂದು ಮನೆಯವರು ಹೇಳುವುದಕ್ಕೂ ನಡುವೆ ಎಷ್ಟು ದೂರವಿದೆ, ಆ ದೂರವನ್ನು ನಡೆಯಬೇಕಾದವರು ಯಾರು ಎಂಬುದನ್ನು ನಾವು ಗಂಭೀರವಾಗಿ ಕೇಳಿಕೊಂಡಿಲ್ಲ. ನಡೆಯಬೇಕಾದವರು ಹೇಳುವವರೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ನೀರಿನ ಕಥೆಯಲ್ಲೇ ಕಾಣಬಹುದು.

2010ರ ದಶಕದ ಆರಂಭದಲ್ಲಿ ಹುಬ್ಬಳ್ಳಿ–ಧಾರವಾಡದಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಒಂದು ಪ್ರಯೋಗಕ್ಕೆ ಕೈಹಾಕಿತು. ಯೋಚನೆ ಸರಳವಾಗಿತ್ತು, ಒಳ್ಳೆಯದೂ ಆಗಿತ್ತು. ನೀರು ಯಾವಾಗ ಬರುತ್ತದೆ ಎಂಬುದು ಊರಿನಲ್ಲಿ ಒಬ್ಬರಿಗಂತೂ ಖಚಿತವಾಗಿ ಗೊತ್ತಿರುತ್ತದೆ: ವಾಲ್ವ್ ತಿರುಗಿಸುವವರಿಗೆ. ಅವರು ವಾಲ್ವ್ ತೆರೆದ ಕೂಡಲೇ ಒಂದು ನಂಬರಿಗೆ ಫೋನ್ ಮಾಡಿ ತಿಳಿಸಿದರೆ, ಆ ಭಾಗದ ಮನೆಗಳಿಗೆಲ್ಲ ಮೊಬೈಲಿನಲ್ಲಿ ಸಂದೇಶ ಹೋಗುತ್ತದೆ. ಯಾರೂ ಇಡೀ ದಿನ ನಳದ ಮುಂದೆ ಕಾಯಬೇಕಿಲ್ಲ. ದೊಡ್ಡ ಯಂತ್ರ ಬೇಡ, ಪೈಪಿಗೆ ಸೆನ್ಸರ್ ಕೂರಿಸುವುದು ಬೇಡ; ಆಗಲೇ ಎಲ್ಲರ ಕೈಗೆ ಬರುತ್ತಿದ್ದ ಸಾದಾ ಫೋನ್ ಸಾಕು. ದೇಶ ವಿದೇಶಗಳಲ್ಲಿ ಈ ಪ್ರಯೋಗಕ್ಕೆ ಮೆಚ್ಚುಗೆ ಸಿಕ್ಕಿತು. ಮುಂದೆ ಅದು ಬೆಂಗಳೂರಿಗೂ ಬಂತು.

ಬೆಂಗಳೂರಿನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಈ ಸಂದೇಶಗಳಿಂದ ಮನೆಗಳಿಗೆ ಏನು ಉಪಯೋಗವಾಯಿತು ಎಂದು ಪರೀಕ್ಷಿಸಿದರು. ಅವರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕುಟುಂಬಗಳ ದಿನಚರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಎಂಬುದು ಅದರ ತಿರುಳು. ತೊಡಕು ಫೋನಿನಲ್ಲಿ ಇರಲಿಲ್ಲ, ಸುದ್ದಿಯ ಮೂಲದಲ್ಲೇ ಇತ್ತು. ವಾಲ್ವ್‌ಮನ್‌ಗಳಿಂದ ಮಾಹಿತಿ ಸರಿಯಾದ ಹೊತ್ತಿಗೆ ತಪ್ಪದೆ ಬರುತ್ತಿರಲಿಲ್ಲ. ಬರಬೇಕೆಂದಾದರೂ ಏಕೆ? ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಓಡಾಡುತ್ತಾ, ಕೆಸರಿನ ಗುಂಡಿಗೆ ಇಳಿದು ಭಾರದ ಕೀಲಿ ತಿರುಗಿಸುವ ಮನುಷ್ಯನಿಗೆ ಇದು ಹೆಚ್ಚುವರಿ ಕೆಲಸ. ಮಾಡಿದರೆ ಲಾಭವಿಲ್ಲ, ಮಾಡದಿದ್ದರೆ ಕೇಳುವವರಿಲ್ಲ. ನೀರು ಹೇಳಿದ ಹೊತ್ತಿಗೆ ಬರದಿದ್ದರೆ ಮಾತ್ರ ಬೈಗುಳ ಅವನಿಗೇ.

ಈ ಅಧ್ಯಯನವನ್ನು ತಂತ್ರಜ್ಞಾನದ ಸೋಲು ಎಂದು ಓದುವುದು ತಪ್ಪು. ಸುದ್ದಿ ಹೊರುವ ಮನುಷ್ಯನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಏರ್ಪಾಟೂ ನಿಲ್ಲುವುದಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ಓಣಿಯ ಕೂಗು ಕೆಲಸ ಮಾಡುತ್ತಿದ್ದುದು ಕೂಗುವಾಕೆಗೂ ಕೇಳುವಾಕೆಗೂ ನಡುವೆ ಕೊಡುಕೊಳ್ಳುವಿಕೆ ಇದ್ದುದರಿಂದ. ಇವತ್ತು ಇವಳು ಕೂಗಿದರೆ ನಾಳೆ ಅವಳು ಇವಳ ಕೊಡ ತುಂಬಿಡುತ್ತಾಳೆ. ವಾಲ್ವ್‌ಮನ್‌ಗೂ ಮನೆಗಳಿಗೂ ನಡುವೆ ಅಂಥ ಸಂಬಂಧವನ್ನು ಯಾರೂ ಕಟ್ಟಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಮನೆಗೆ ಒಂದು ಫೋನ್ ಇದೆ ಎಂದರೆ ನೀರು ತುಂಬುವವರ ಕೈಯಲ್ಲಿ ಫೋನ್ ಇದೆ ಎಂದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಸ್ವಂತ ಮೊಬೈಲ್ ಇದ್ದ ಮಹಿಳೆಯರು ನೂರಕ್ಕೆ ಸುಮಾರು 54. ನಳದ ಮುಂದೆ ನಿಲ್ಲುವವಳು ಹೆಂಗಸು. ನಂಬರು ಬರೆಸಿದ್ದು ಗಂಡನದು. ಗಂಡ ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಇದ್ದಾನೆ. ಸಂದೇಶ ಸರಿಯಾದ ಮನೆಗೇ ಹೋಯಿತು, ಆದರೆ ಅದು ಬೇಕಾದವಳಿಗೆ ಸಿಗಲಿಲ್ಲ.

ಹಿಂದೆ ಊರಿಗೆಲ್ಲ ಒಂದು ಮಾತು ತಿಳಿಸಬೇಕೆಂದರೆ ಡಂಗುರ ಸಾರಿಸುತ್ತಿದ್ದರು. ಮೈಸೂರು ಕಡೆ ‘ಸಾರು ಹಾಕಿಸುವುದು’ ಎನ್ನುತ್ತಾರೆ. ಅದನ್ನು ಕಂಡವರು ಈಗಲೂ ಎಲ್ಲ ಊರಲ್ಲೂ ಇದ್ದಾರೆ. ದನಕರು ಮನೆಗೆ ಮರಳಿ, ಒಲೆ ಹೊತ್ತುವ ಹೊತ್ತಿಗೆ ತಮಟೆ ಅಥವಾ ಹಲಗೆಯ ಸದ್ದು ಕೇಳುತ್ತದೆ. ಮೊದಲು ಬರೀ ಬಡಿತ, ಜನ ಬಾಗಿಲಿಗೆ ಬರುವಷ್ಟು ಹೊತ್ತು. ಆಮೇಲೆ ಮಾತು: ಇಂಥ ದಿನ ಕಂದಾಯ ಕಟ್ಟಬೇಕು, ಕೆರೆಯ ತೂಬು ಎತ್ತುತ್ತಾರೆ, ಊರ ಹಬ್ಬಕ್ಕೆ ಯಾರೂ ಊರು ಬಿಡುವಂತಿಲ್ಲ. ಮುಂದಿನ ತಿರುವಿನಲ್ಲಿ ಮತ್ತೆ ಬಡಿತ, ಮತ್ತೆ ಅದೇ ಮಾತು. ಓದು ಬಾರದವರಿಗೂ ತಿಳಿಯಿತು, ಕಣ್ಣು ಕಾಣದವರಿಗೂ ತಿಳಿಯಿತು, ಜನ ಮನೆಯಲ್ಲಿರುವ ಹೊತ್ತಿಗೇ ತಿಳಿಯಿತು. ಸಂದೇಹ ಬಂದರೆ ಸಾರುವವನನ್ನೇ ನಿಲ್ಲಿಸಿ ಕೇಳಬಹುದಿತ್ತು. ಪ್ರಕಟಣೆಗೆ ಬೇಕಾದ ಗುಣಗಳೆಲ್ಲ ಅದರಲ್ಲಿ ಇದ್ದವು.

ಕಾನೂನೂ ಅದನ್ನು ಒಪ್ಪಿಕೊಂಡಿತ್ತು, ಇಂದಿಗೂ ಒಪ್ಪುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮದ ಪ್ರಕಾರ, ಯಾರದಾದರೂ ಜಮೀನನ್ನೋ ಮನೆಯನ್ನೋ ಜಪ್ತಿ ಮಾಡುವಾಗ ಆ ಆಸ್ತಿಯ ಮೇಲೆ ಇಲ್ಲವೇ ಅದರ ಪಕ್ಕದಲ್ಲಿ ಡೋಲು ಬಡಿದೋ ಆ ಕಡೆಯ ರೂಢಿಯ ಬೇರೆ ರೀತಿಯಲ್ಲೋ ಆದೇಶವನ್ನು ಸಾರಬೇಕು. ಅದರ ಪ್ರತಿಯನ್ನು ಆಸ್ತಿಯ ಮೇಲೆ ಎದ್ದು ಕಾಣುವ ಕಡೆ ಅಂಟಿಸಬೇಕು, ಕೋರ್ಟಿನ ಕಟ್ಟಡದ ಮೇಲೂ ಅಂಟಿಸಬೇಕು. ಒಂದೇ ವಿಷಯವನ್ನು ಕಿವಿಗೂ ಕಣ್ಣಿಗೂ, ವಿಷಯ ಇರುವ ಜಾಗದಲ್ಲೂ ಕಚೇರಿಯಲ್ಲೂ ಹೇಳಬೇಕೆಂಬ ಈ ವಿವೇಕ ನನಗೆ ತುಂಬ ಇಷ್ಟ.

ಆದರೆ ಡಂಗುರವನ್ನು ನೆನೆದು ಹಂಬಲಿಸುವವರು ತಮಟೆ ಯಾರ ಕೈಯಲ್ಲಿತ್ತು ಎಂಬುದನ್ನು ಮರೆಯಬಾರದು. ಅದು ಹುಟ್ಟಿನಿಂದ ಹೊರಿಸಿದ ಕೆಲಸ. ತೋಟಿ, ತಳವಾರ, ನೀರುಗಂಟಿ ಎಂಬ ವಂಶಪಾರಂಪರ್ಯದ ಚಾಕರಿಗಳಲ್ಲಿ ಊರಿಗೆ ಸುದ್ದಿ ಮುಟ್ಟಿಸುವ ಹೊರೆಯನ್ನು ಬಹುಪಾಲು ದಲಿತರೇ ಹೊತ್ತರು. ಕೂಲಿ ಎಂದರೆ ಸುಗ್ಗಿಯಲ್ಲಿ ಕಣದಿಂದ ಸಿಗುವ ಒಂದಿಷ್ಟು ಕಾಳು. ಯಾವ ಜಾತ್ರೆಯ ಸುದ್ದಿಯನ್ನು ಅವರು ಊರಿಗೆಲ್ಲ ಸಾರಿದರೋ ಆ ಗುಡಿಯ ಬಾಗಿಲ ಹೊರಗೆ ಅವರು ನಿಲ್ಲಬೇಕಿತ್ತು. ಸಾವಿನ ಸುದ್ದಿ ಹೊತ್ತು ನೆಂಟರ ಊರಿಗೆ ರಾತ್ರಿ ಹೊತ್ತಿನಲ್ಲಿ ನಡೆದುಹೋಗುವುದೂ ಅವರ ಪಾಲಿಗೇ ಬಂದಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಇಂಥ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗೊಳಿಸಿತು; ಊರ ರೂಢಿ ಅಷ್ಟು ಬೇಗ ಕೊನೆಯಾಗಲಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದ ಮೇಲೆ ಅನೇಕ ಊರುಗಳಲ್ಲಿ ಯುವಕರು ಈ ಬಿಟ್ಟಿ ಚಾಕರಿ ಇನ್ನು ಸಾಕು ಎಂದರು. ಹಾಗೆ ಅಂದದ್ದಕ್ಕೆ ಬಹಿಷ್ಕಾರ ಉಂಡವರೂ ಇದ್ದಾರೆ. ಅವರು ತಮಟೆ ಕೆಳಗಿಟ್ಟದ್ದು ಸರಿ. ಆಮೇಲೆ ಸುದ್ದಿ ಮುಟ್ಟಿಸುವ ಹೊಣೆಯನ್ನು ಊರು ಎಲ್ಲರಿಗೂ ಸಮನಾಗಿ ಹಂಚಿಕೊಳ್ಳಬೇಕಿತ್ತು. ಆದದ್ದು ಹಾಗಲ್ಲ. ಗುತ್ತಿಗೆಯ ವಾಲ್ವ್‌ಮನ್, ಗೌರವಧನದ ಆಶಾ ಕಾರ್ಯಕರ್ತೆ, ಪಂಚಾಯಿತಿಯ ನೀರುಗಂಟಿ: ಇಂದಿಗೂ ಊರಿನ ಸುದ್ದಿ ಹೊರುವವರು ದುಡಿಮೆಗೆ ಅತಿ ಕಡಿಮೆ ಹಣ ಪಡೆಯುವವರೇ.

ಸದ್ದನ್ನೇ ಪ್ರಕಟಣೆಯಾಗಿ ಬಳಸುವ, ಯಾರ ಮೇಲೂ ಹೊರೆ ಹೊರಿಸದ ಪದ್ಧತಿ ಕೊಡಗಿನಲ್ಲಿದೆ. ಕೊಡವರ ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಾರೆ. ಕಾಫಿ ತೋಟ, ಗದ್ದೆ, ಬೆಟ್ಟಗಳ ನಡುವೆ ಮನೆಗಳು ದೂರದೂರ ಇರುವ ಸೀಮೆಯಲ್ಲಿ ಆ ಜೋಡಿ ಸದ್ದು ಕೇಳಿದವರು ಕೈಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದೇ ಗುಂಡು. ಹೆಣ್ಣು ಮಗುವಿನ ಹುಟ್ಟು ಆ ಸದ್ದಿನಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. ಏನನ್ನು ಎಲ್ಲರಿಗೂ ತಿಳಿಸುತ್ತೇವೆ, ಏನನ್ನು ತಿಳಿಸುವುದಿಲ್ಲ ಎನ್ನುವುದರಲ್ಲೇ ಸಮಾಜ ಯಾರಿಗೆ ಎಷ್ಟು ಬೆಲೆ ಕೊಟ್ಟಿದೆ ಎಂಬುದು ಗೊತ್ತಾಗುತ್ತದೆ. ಬೆಂಗಳೂರಿನ ಗೇಟುಗಳ ಮೇಲೆ ತೂಗುವ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಯೂ ಇಂಥದ್ದೇ. ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂಬುದು ವಿಚಾರಿಸಿದರೆ ತಿಳಿಯುತ್ತದೆ. ಯಾರಿಗೆ ಕೊಡುವುದಿಲ್ಲ ಎಂಬುದು ಹೆಸರು ಕೇಳಿದ ಮೇಲೆ, ಊಟ ಏನೆಂದು ಕೇಳಿದ ಮೇಲೆ ತಿಳಿಯುತ್ತದೆ.

ನೆರೆಹೊರೆಯವರಿಗಾಗಿ ಕೆತ್ತಿಸಿದ ಒಂದು ಪ್ರಕಟಣೆ ಶ್ರವಣಬೆಳಗೊಳದಲ್ಲಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದು ವಿಜಯನಗರದ ಬುಕ್ಕರಾಯನವರೆಗೆ ಹೋಯಿತು. ಎರಡೂ ಕಡೆಯವರನ್ನು ಸೇರಿಸಿ, ಒಬ್ಬರ ಹಾನಿ–ವೃದ್ಧಿ ಇನ್ನೊಬ್ಬರದೂ ಹೌದು ಎಂಬಂತೆ ನಡೆಯಬೇಕೆಂದು ಅವನು ತೀರ್ಪು ಕೊಟ್ಟ. ಇದು ಪಠ್ಯಪುಸ್ತಕದಲ್ಲಿ ಎಲ್ಲರೂ ಓದಿದ ಕಥೆ. ಆದರೆ ಅದೇ ಶಾಸನದ ಇನ್ನೊಂದು ಮಾತಿನತ್ತ ಗಮನ ಹೋಗುವುದು ಕಡಿಮೆ: ಈ ಕಟ್ಟಳೆಯನ್ನು ರಾಜ್ಯದ ಬಸದಿಗಳಲ್ಲೆಲ್ಲ ನೆಡಿಸಬೇಕು, ನೆಡಿಸುವ ಕೆಲಸ ಶ್ರೀವೈಷ್ಣವರದು. ಮಾಗಡಿ ಸೀಮೆಯ ಕಲ್ಯದಲ್ಲೂ ಇದರ ಶಾಸನ ಸಿಕ್ಕಿದೆ. ತೀರ್ಪು ರಾಜಧಾನಿಯ ಕಡತದಲ್ಲಿ ಉಳಿದಿದ್ದರೆ ತೊಂದರೆಗೆ ಒಳಗಾದವರಿಗೆ ಪ್ರಯೋಜನವಿರಲಿಲ್ಲ. ಜಗಳ ಎಲ್ಲಿ ನಡೆಯಬಹುದೋ ಅಲ್ಲಿ, ಯಾರಿಗೆ ರಕ್ಷಣೆ ಬೇಕೋ ಅವರ ಅಂಗಳದಲ್ಲಿ ಅದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸುವ ಹೊಣೆ ಬಲ ಹೆಚ್ಚಿದ್ದವರದಾಗಿತ್ತು. ಆರೂವರೆ ಶತಮಾನದ ಹಿಂದಿನ ಈ ತಿಳಿವಳಿಕೆ ಇಂದಿನ ಎಷ್ಟೋ ಕಚೇರಿಗಳಿಗೆ ಇಲ್ಲ.

ಕಾಯ್ದೆಯಲ್ಲಂತೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕುವುದು ಎಂದಷ್ಟೇ ಹಲವರು ತಿಳಿದಿದ್ದಾರೆ. ಅದರ 4ನೇ ಸೆಕ್ಷನ್ ಕೇಳುವ ಮೊದಲೇ ಹೇಳಬೇಕು ಎನ್ನುತ್ತದೆ. ಸ್ಥಳೀಯ ಭಾಷೆ, ಖರ್ಚು, ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ವಿಧಾನ ಇವುಗಳನ್ನು ನೋಡಿಕೊಂಡು ಮಾಹಿತಿ ಹರಡಬೇಕು ಎನ್ನುತ್ತದೆ. ಹರಡುವುದು ಎಂದರೆ ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಪ್ರಕಟಣೆ, ಬಾನುಲಿ, ಅಂತರ್ಜಾಲ ಎಲ್ಲವೂ ಎಂದು ಬಿಡಿಸಿ ಹೇಳುತ್ತದೆ. ಆದರೂ ಪಂಚಾಯಿತಿ ಕಚೇರಿಗಳ ಗಾಜಿನ ಪೆಟ್ಟಿಗೆಗೆ ಬೀಗ, ಒಳಗೆ ಬಿಸಿಲಿಗೆ ಬಣ್ಣ ಹೋದ ಹಾಳೆ, ಅದರಲ್ಲಿ ಆಗಲೇ ನಡೆದುಹೋದ ಗ್ರಾಮಸಭೆಯ ದಿನಾಂಕ. ಇದು ರಾಜ್ಯದ ಯಾವ ಮೂಲೆಗೆ ಹೋದರೂ ಕಾಣುವ ದೃಶ್ಯ.

ಭಾಷೆಯದು ಇನ್ನೊಂದು ಅಡ್ಡಿ. ‘66/11 ಕೆ.ವಿ. ವಿದ್ಯುತ್ ಉಪಕೇಂದ್ರದಲ್ಲಿ ತ್ರೈಮಾಸಿಕ ನಿರ್ವಹಣಾ ಕಾಮಗಾರಿ ಹಮ್ಮಿಕೊಂಡಿರುವ ಪ್ರಯುಕ್ತ ಸದರಿ ಕೇಂದ್ರದಿಂದ ಹೊರಹೊಮ್ಮುವ ಫೀಡರ್‌ಗಳ ವ್ಯಾಪ್ತಿಯಲ್ಲಿ ಹಾಗೂ ಸುತ್ತಮುತ್ತಲಿನ ಪ್ರದೇಶಗಳಲ್ಲಿ ವಿದ್ಯುತ್ ವ್ಯತ್ಯಯ ಉಂಟಾಗಲಿದ್ದು, ಗ್ರಾಹಕರು ಸಹಕರಿಸಬೇಕಾಗಿ ಕೋರಲಾಗಿದೆ.’ ಇಂಥ ಪ್ರಕಟಣೆಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಓದಿದ ಮೇಲೂ ನಮ್ಮ ಮನೆ ಆ ‘ಸುತ್ತಮುತ್ತ’ದೊಳಗೆ ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ. ತಮ್ಮ ಮನೆಯ ಫೀಡರ್ ಯಾವುದೆಂದು ಯಾರಿಗೆ ಗೊತ್ತು? ಅದೇ ಸುದ್ದಿ ಓಣಿಯ ಹಿಟ್ಟಿನ ಗಿರಣಿಯ ಹಲಗೆಯ ಮೇಲೆ ಹೀಗೆ ಬರುತ್ತದೆ: ‘ಶುಕ್ರವಾರ ಹತ್ತರಿಂದ ಐದರ ತನಕ ಕರೆಂಟ್ ಇರಂಗಿಲ್ಲ. ಬೀಸೋದಿದ್ರ ಗುರುವಾರ ಸಂಜೀಕ ತರ್ರಿ.’ ಎರಡೇ ಸಾಲು. ಯಾವಾಗ, ಎಷ್ಟು ಹೊತ್ತು, ಅದಕ್ಕೆ ನೀವೇನು ಮಾಡಬೇಕು ಎಂಬುದೆಲ್ಲ ಅದರಲ್ಲಿದೆ. ಗಿರಣಿಯವರಿಗೆ ಲೈನ್‌ಮನ್ ಪರಿಚಯ. ಕರೆಂಟ್ ಹೋದರೆ ಅವರದೇ ದುಡಿಮೆ ನಿಲ್ಲುತ್ತದೆ. ಗಿರಾಕಿ ಬರಿಗೈಲಿ ವಾಪಸು ಹೋಗಬಾರದು ಎಂಬ ಕಾಳಜಿಯೂ ಇದೆ. ಕಚೇರಿಯ ಪ್ರಕಟಣೆ ಕಾಮಗಾರಿಯಿಂದ ಶುರುವಾಗುತ್ತದೆ, ಗಿರಣಿಯದು ಜೋಳದ ಪುಟ್ಟಿ ಹೊತ್ತು ಬರುವವರಿಂದ ಶುರುವಾಗುತ್ತದೆ.

ಇಂಥ ಊರುಮಾತನ್ನು ಅಚ್ಚಿಗೆ ತಂದವರು ಜಿಲ್ಲೆಯ ಸಣ್ಣ ಪತ್ರಿಕೆಗಳು. 1957ರಿಂದ ಬರುತ್ತಿರುವ ಮಡಿಕೇರಿಯ ‘ಶಕ್ತಿ’, ದಾವಣಗೆರೆಯ ‘ಜನತಾವಾಣಿ’, ಮೈಸೂರಿನ ‘ಆಂದೋಲನ’, ‘ಮೈಸೂರು ಮಿತ್ರ’ ಇವುಗಳ ಓದುಗರು ಎಷ್ಟೋ ಮಂದಿ ಮೊದಲು ತೆರೆಯುವುದು ನಿಧನದ ಕಾಲಂ ಇರುವ ಪುಟವನ್ನೇ. ಕಳೆದುಹೋದ ಅಂಕಪಟ್ಟಿ, ನಾಳಿನ ಉಚಿತ ಕಣ್ಣಿನ ತಪಾಸಣೆ, ಬಸ್ ಮಾರ್ಗದ ಬದಲಾವಣೆ. ರಾಜ್ಯಮಟ್ಟದ ಪತ್ರಿಕೆಗೆ ಇವು ಜಾಗ ತುಂಬುವ ಸಾಮಗ್ರಿ, ಜಿಲ್ಲಾ ಪತ್ರಿಕೆಗೆ ಇವೇ ಬದುಕಿರುವ ಕಾರಣ.

ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಚ್ಚಿಗೂ ಕಾಯಲಿಲ್ಲ. ಹೈದರಾಲಿ ಹುಟ್ಟಿದ ಊರು ಎಂದು ಹೆಸರಾದ ಈ ಹಳ್ಳಿಯಲ್ಲಿ 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಶುರುವಾಯಿತು. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಬೆಂಬಲಕ್ಕೆ ನಿಂತಿದ್ದವು; ಕಾರ್ಯಕ್ರಮ ಮಾಡಿದವರು ಊರಿನವರೇ, ಸ್ವಸಹಾಯ ಸಂಘದ ಹೆಂಗಸರೇ. ಆಗ ಇಂಥ ಗುಂಪುಗಳಿಗೆ ಬಾನುಲಿ ಪರವಾನಗಿ ಸಿಗುತ್ತಿರಲಿಲ್ಲ. ಹಾಗಾಗಿ ಧ್ವನಿಮುದ್ರಿಕೆಯನ್ನು ಸಂಘದ ಸಭೆಯಲ್ಲಿ ಕೇಳಿಸಿದರು, ಧ್ವನಿವರ್ಧಕದಲ್ಲಿ ಕೇಳಿಸಿದರು, ಕೊನೆಗೆ ಟಿ.ವಿ. ಕೇಬಲ್ಲಿನ ತಂತಿಯಲ್ಲೇ ದನಿಯನ್ನು ಮನೆಮನೆಗೆ ಹರಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಗೆ ಅವಕಾಶ ಕೊಡುವ ನೀತಿ ಬಂದದ್ದು 2006ರ ಕೊನೆಯಲ್ಲಿ. ಅನುಮತಿ ಇಲ್ಲದ ವರ್ಷಗಳಲ್ಲಿ, ಕೈಗೆ ಸಿಕ್ಕ ತಂತಿಯನ್ನೇ ಹಿಡಿದು ಊರು ತನ್ನ ಮಾತನ್ನು ತನಗೆ ಕೇಳಿಸಿಕೊಂಡದ್ದು ಕರ್ನಾಟಕ ಹೆಮ್ಮೆಪಡಬೇಕಾದ ಸಂಗತಿ.

ಈಗ ಓಣಿಯ ಕೂಗು ವಾಟ್ಸ್‌ಆಪ್ ಗುಂಪಿಗೆ ಹೋಗಿದೆ. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ರಕ್ತ ಬೇಕಾದಾಗ ಅರ್ಧ ಗಂಟೆಯಲ್ಲಿ ದಾನಿ ಸಿಕ್ಕಿದ್ದು, ದಾರಿ ತಪ್ಪಿದ ಮರೆವಿನ ಅಜ್ಜಿ ಎರಡು ಬಡಾವಣೆಯಾಚೆ ಪತ್ತೆಯಾದದ್ದು, ಲಾಕ್‌ಡೌನ್ ದಿನಗಳಲ್ಲಿ ತರಕಾರಿ ಗಾಡಿ ಯಾವ ಬೀದಿಯಲ್ಲಿದೆ ಎಂದು ತಿಳಿದದ್ದು ಇವೆಲ್ಲ ಆ ಗುಂಪುಗಳಿಂದಲೇ. 2022ರಿಂದ ಒಂದು ಗುಂಪಿಗೆ 1024 ಮಂದಿ ಸೇರಬಹುದು. ಸಣ್ಣ ಹಳ್ಳಿ ಇಡಿಯಾಗಿ ಹಿಡಿಸುತ್ತದೆ. ಕೂಗು ಮುಟ್ಟದ ದೂರಕ್ಕೂ ಅದು ಮುಟ್ಟುತ್ತದೆ. ದುಬೈಯಲ್ಲಿರುವ ಭಟ್ಕಳದ ಹುಡುಗನಿಗೆ ಊರಿನ ಸಾವು ಮಣ್ಣಾಗುವ ಮೊದಲೇ ತಿಳಿಯುತ್ತದೆ.

ಆದರೆ ಗುಂಪಿಗೆ ಬಾಗಿಲಿದೆ, ಬಾಗಿಲಿಗೆ ಅಡ್ಮಿನ್ ಇದ್ದಾರೆ. ಬಡಾವಣೆಯ ಎಷ್ಟೋ ಗುಂಪುಗಳಲ್ಲಿ ಮನೆ ಮಾಲೀಕರಿಗಷ್ಟೇ ಪ್ರವೇಶ. ಬಾಡಿಗೆದಾರರು, ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಯಾದಗಿರಿ, ರಾಯಚೂರಿನ ಕುಟುಂಬಗಳು, ಮನೆಗೆಲಸದವರು, ರಾತ್ರಿ ಕಾಯುವವರು, ಸಾದಾ ಫೋನಿನ ವೃದ್ಧರು ಅದರ ಹೊರಗೆ. ಕೂಗು ಯಾರನ್ನೂ ಸೋಸುತ್ತಿರಲಿಲ್ಲ. ಕಿವಿ ಇದ್ದವರಿಗೆಲ್ಲ ಕೇಳುತ್ತಿತ್ತು. ಗುಂಪು ಬಂದ ಮೇಲೆ ‘ಹಾಕಿದ್ದೇವಲ್ಲ, ನೋಡಲಿಲ್ಲವೇ’ ಎಂಬ ಮಾತು ರೂಢಿಗೆ ಬಂತು. ತಿಳಿದುಕೊಳ್ಳುವ ಹೊಣೆ ಕೇಳುವವರ ತಲೆಗೆ ಬಂತು. ಈ ಬದಲಾವಣೆ ಸದ್ದಿಲ್ಲದೆ ಆಗಿದೆ, ಮತ್ತು ಇದು ಅನ್ಯಾಯ.

ಹೇಳಿದವರು ಯಾರೆಂದು ಗೊತ್ತಿಲ್ಲದ ಸುದ್ದಿ ಏನು ಮಾಡಬಲ್ಲದೆಂದು ಬೆಂಗಳೂರು 2012ರ ಆಗಸ್ಟ್‌ನಲ್ಲಿ ಕಂಡಿತು. ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಆಗಲಿದೆ ಎಂಬ ಎಸ್‌ಎಂಎಸ್‌ಗಳು ಕೈಯಿಂದ ಕೈಗೆ ಹೋದವು. ಸ್ವಾತಂತ್ರ್ಯೋತ್ಸವದ ದಿನದಿಂದ ಶುರುವಾಗಿ ಸಾವಿರಾರು ಮಂದಿ ರೈಲು ನಿಲ್ದಾಣ ಸೇರಿದರು; ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನ ಒಮ್ಮೆಲೇ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳಿಸುವುದನ್ನು ತಡೆಯಿತು. ಆ ಸಂದೇಶಗಳಲ್ಲಿ ಜಾಗವಿತ್ತು, ಭಯವಿತ್ತು. ತಿರುಗಿ ಕೇಳಲು ಒಬ್ಬ ಮನುಷ್ಯನಿರಲಿಲ್ಲ. ಸಲೂನಿನಲ್ಲಿ, ಹೋಟೆಲಿನಲ್ಲಿ, ಕಾವಲಿನಲ್ಲಿ ವರ್ಷಗಟ್ಟಲೆ ಜೊತೆಗೆ ದುಡಿದವರು ಪಕ್ಕದಲ್ಲೇ ಇದ್ದರೂ ‘ಇದು ನಿಜವೇ’ ಎಂದು ಕೇಳುವಷ್ಟು ಸಲುಗೆ ಅವರ ನಡುವೆ ಬೆಳೆದಿರಲಿಲ್ಲ ಎಂಬುದು ಆ ವದಂತಿಗಿಂತ ನನ್ನನ್ನು ಹೆಚ್ಚು ಕಾಡುತ್ತದೆ. ನೀರು, ಕರೆಂಟು, ಬಾಡಿಗೆಯ ಸಣ್ಣ ಸುದ್ದಿಗಳನ್ನು ದಿನವೂ ಹಂಚಿಕೊಂಡವರು ದೊಡ್ಡ ಸುದ್ದಿ ಬಂದಾಗ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.

ಹೇಳುವವರೇ ಹೊಣೆ ಹೊತ್ತು, ಮುಟ್ಟಿತೋ ಇಲ್ಲವೋ ಎಂದು ತಾವೇ ಹೋಗಿ ನೋಡಿದ ಒಂದು ಕೆಲಸ ನಮ್ಮ ಕಣ್ಣೆದುರೇ ನಡೆದಿದೆ. ಪಲ್ಸ್ ಪೋಲಿಯೋ 1995ರಲ್ಲಿ ದೇಶದಲ್ಲಿ ಆರಂಭವಾಯಿತು. ಭಾನುವಾರದ ಮೊದಲೇ ಆಟೋದಲ್ಲಿ ಮೈಕ್ ಕಟ್ಟಿ ಸಾರಿದರು. ಮಸೀದಿಯಿಂದ, ಗುಡಿಯಿಂದ, ಚರ್ಚಿನಿಂದ ಹೇಳಿಸಿದರು. ಶಾಲೆಯ ಮಕ್ಕಳು ಘೋಷಣೆ ಕೂಗುತ್ತಾ ಬೀದಿ ಸುತ್ತಿದರು. ಇಷ್ಟಕ್ಕೇ ನಿಂತಿದ್ದರೆ ಅದೂ ಇತರ ಸರ್ಕಾರಿ ಪ್ರಚಾರಗಳ ಸಾಲಿಗೆ ಸೇರುತ್ತಿತ್ತು. ಬೂತಿನ ದಿನ ಮುಗಿದ ಮೇಲೆ ಅಂಗನವಾಡಿ, ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೊರಟರು. ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿಯ ಗುರುತು ಇರುತ್ತಿತ್ತು. ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಪಿ’ ಗುರುತು. ಬೀಗವಿದ್ದರೆ, ಮಗು ಊರಲ್ಲಿಲ್ಲದಿದ್ದರೆ, ತಾಯಿ ಬೇಡವೆಂದರೆ ಅಡ್ಡಗೆರೆಯ ‘ಎಕ್ಸ್’. ಆ ಗುರುತಿದ್ದ ಮನೆಗೆ ಮತ್ತೆ ಹೋಗಲೇಬೇಕು. ಬಸ್ ನಿಲ್ದಾಣದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಕಬ್ಬು ಕಡಿಯುವವರ ಗುಡಿಸಲಿನಲ್ಲಿ ಮಕ್ಕಳನ್ನು ಹುಡುಕಿದರು. ಭಾರತದಲ್ಲಿ ಸಹಜ (ವೈಲ್ಡ್) ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂತು.

ಆ ಎಕ್ಸ್ ಗುರುತನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ‘ನೀವು ಬರಲಿಲ್ಲ’ ಎಂದು ಅದು ಮನೆಯವರನ್ನು ದೂರಲಿಲ್ಲ, ‘ನಾವು ಇನ್ನೂ ಬರಬೇಕು’ ಎಂದು ಇಲಾಖೆಗೆ ನೆನಪಿಸಿತು. ಅದಕ್ಕೆ ಬೇಕಾದದ್ದು ಸೀಮೆಸುಣ್ಣ, ನಡೆಯುವ ಕಾಲು ಮತ್ತು ಎರಡನೆಯ ಭೇಟಿಯ ಭತ್ಯೆ.

ನೀರಿನ ವಿಷಯದಲ್ಲಿ ಇದನ್ನೇ ಮಾಡಲು ಹೊಸ ಯಂತ್ರಗಳೇನೂ ಬೇಕಿಲ್ಲ. ಪ್ರತಿ ವಾಲ್ವಿನ ವ್ಯಾಪ್ತಿಯಲ್ಲಿ ಏರಿನ ತುದಿಯ ಮನೆ ಯಾವುದು ಎಂಬುದು ವಾಲ್ವ್‌ಮನ್‌ಗೆ ಗೊತ್ತು. ಆ ಮನೆಯವರ ನಂಬರು, ಅದೂ ನಳದ ಮುಂದೆ ನಿಲ್ಲುವವರ ನಂಬರು, ಅವರ ಬಳಿ ಇರಲಿ. ಫೋನಿಲ್ಲದಿದ್ದರೆ ಪಕ್ಕದ ಅಂಗಡಿಯದು ಇರಲಿ. ಸರದಿಯ ದಿನ ಮತ್ತು ಹೊತ್ತನ್ನು ಗಿರಣಿ, ರೇಷನ್ ಅಂಗಡಿ, ಅಂಗನವಾಡಿಯ ಹಲಗೆಯ ಮೇಲೆ ಹಿಂದಿನ ಸಂಜೆಯೇ ಬರೆಯಲಿ. ಕೆಳಗೆ ಬರೆದವರ ಹೆಸರಿರಲಿ, ನೀರು ಬಂದು ಹೋದ ಮೇಲೆ ಅದನ್ನು ಅಳಿಸಲಿ. ಬರೆಯುವ, ಕೇಳುವ, ಅಳಿಸುವ ಈ ಕೆಲಸವನ್ನು ವಾಲ್ವ್‌ಮನ್‌ನ ಕೆಲಸದ ಪಟ್ಟಿಯಲ್ಲಿ ಸೇರಿಸಿ ಅದಕ್ಕೆ ಪಾಲಿಕೆ ಸಂಬಳ ಕೊಡಲಿ. ವಾಲ್ವ್ ತೆರೆದು ಅರ್ಧ ಗಂಟೆಯಾದ ಮೇಲೆ ಅವರು ತುದಿಯ ಮನೆಗೆ ಫೋನ್ ಮಾಡಿ ‘ಅಕ್ಕಾರ, ನಳ ಬಂದಾವೇನ್ರೀ?’ ಎಂದು ಕೇಳಲಿ. ಹೌದು ಎಂದಾಗ ಮುಂದಿನ ವಾಲ್ವಿಗೆ ಹೋಗಲಿ. ಇಲ್ಲ ಎಂದರೆ ಪೈಪು ಎಲ್ಲಿ ಒಡೆದಿದೆ, ಯಾರು ಮೋಟರ್ ಹಚ್ಚಿ ಎಳೆಯುತ್ತಿದ್ದಾರೆ ಎಂದು ನೋಡಲು ಇಲಾಖೆಯ ಎಂಜಿನಿಯರ್ ಆ ದಿನವೇ ಓಣಿಗೆ ಬರಲಿ.